ಲೈಟು ಹತ್ತುವ ಹೆಡ್‌ಸೆಟ್ ಕೊಡಿಸಬಹುದಾ?

ಪ್ರಶ್ನೆ: ನನ್ನ ಮಗ ಮೊದಲ ಪಿಯುಸಿ. ಆನ್‌ಲೈನ್‌ನಲ್ಲಿ 1,200 ರೂಪಾಯಿಯ ಗೇಮಿಂಗ್ ಹೆಡ್‌ಸೆಟ್ ನೋಡಿಟ್ಟಿದ್ದಾನೆ. ಎರಡೂ ಕಿವಿಯ ಮೇಲೆ ಬಣ್ಣ ಬಣ್ಣದ ಲೈಟು ಹತ್ತುತ್ತದಂತೆ. ಮನೆಯ ಹಳೇ ಡೆಸ್ಕ್‌ಟಾಪ್‌ನಲ್ಲಿ ವ್ಯಾಲರಂಟ್ ಆಡುತ್ತಾನೆ, ಮೊಬೈಲಿನಲ್ಲಿ ಬಿಜಿಎಂಐ. ಕೊಡಿಸಬಹುದಾ? ಬಾಳಿಕೆ ಬರುತ್ತದಾ?
– ಒಬ್ಬ ತಾಯಿ, ಹಾಸನ

ಉತ್ತರ: ಕೊಡಿಸಿ, ಆದರೆ ಲೈಟು ನೋಡಿ ಕೊಡಿಸಬೇಡಿ. ತಲೆಗೆ ಹಾಕಿಕೊಂಡ ಮೇಲೆ ಆ ಲೈಟು ಹಾಕಿಕೊಂಡವನಿಗೇ ಕಾಣುವುದಿಲ್ಲ ಅಲ್ವಾ? ಕಾಣುವುದು ಊಟಕ್ಕೆ ಕರೆದು ಕರೆದು ಸಾಕಾಗಿ ಬಾಗಿಲಲ್ಲಿ ನಿಂತ ನಿಮಗೆ.

ಮೊದಲು ವೈರು ನೋಡಿ. ಈ ಬೆಲೆಯ ಹೆಚ್ಚಿನ ಹೆಡ್‌ಸೆಟ್‌ಗಳ ವೈರು ತುದಿಯಲ್ಲಿ ಕವಲಾಗಿರುತ್ತದೆ. ಒಂದು ಕಡೆ 3.5 ಮಿ.ಮೀ. ಪಿನ್ನು, ಇನ್ನೊಂದು ಕಡೆ ಯುಎಸ್‌ಬಿ. ಆ ಯುಎಸ್‌ಬಿ ಲೈಟಿಗೆ ಕರೆಂಟು ಕೊಡುವುದಕ್ಕೆ ಮಾತ್ರ, ಸದ್ದು ಬರುವುದು, ಮಾತು ಹೋಗುವುದು ಎಲ್ಲ ಪಿನ್ನಿನಲ್ಲೇ. ಪಿನ್ನಿನ ಮೇಲೆ ಮೂರು ಕಪ್ಪು ಗೆರೆ ಇದ್ದರೆ ಮೈಕೂ ಅದರಲ್ಲೇ ಸೇರಿದೆ ಅಂತ ಅರ್ಥ. ನಿಮ್ಮ ಹಳೇ ಡೆಸ್ಕ್‌ಟಾಪ್‌ನಲ್ಲಿ ಸದ್ದಿಗೆ ಹಸಿರು ತೂತು ಬೇರೆ, ಮೈಕಿಗೆ ಗುಲಾಬಿ ತೂತು ಬೇರೆ ಇರುತ್ತದೆ. ಒಂದೇ ಪಿನ್ನನ್ನು ಹಸಿರಿಗೆ ಹಾಕಿದರೆ ಸದ್ದು ಚೆನ್ನಾಗಿ ಕೇಳುತ್ತದೆ, ಮೈಕ್ ಮಾತ್ರ ಸತ್ತಿರುತ್ತದೆ, ಇವನು ಇಲ್ಲಿ ಗಂಟಲು ಹರಿದುಕೊಂಡರೂ ಜೊತೆಯವರಿಗೆ ಏನೂ ಕೇಳಿಸುವುದಿಲ್ಲ. ಒಂದನ್ನು ಎರಡು ಮಾಡುವ ಸಣ್ಣ ವೈರು ಬೇಕು. ಡಬ್ಬಿಯಲ್ಲೇ ಇದೆಯಾ ಅಂತ ಕೇಳಿ, ಇಲ್ಲದಿದ್ದರೆ ಮೊಬೈಲ್ ಅಂಗಡಿಯಲ್ಲಿ ಹೆಡ್‌ಫೋನ್-ಮೈಕ್ ಸ್ಪ್ಲಿಟರ್ ಅಂದರೆ ಕೊಡುತ್ತಾರೆ. ಮೊಬೈಲಿಗೆ ಹಾಕುವ ಆಸೆಯಿದ್ದರೆ ಅದರಲ್ಲಿ ಹೆಡ್‌ಫೋನ್ ತೂತು ಇದೆಯಾ ನೋಡಿಕೊಳ್ಳಿ. ಇಲ್ಲ ಅಂದರೆ ಟೈಪ್-ಸಿ ಕನ್ವರ್ಟರ್ ಖರ್ಚು ಬೇರೆ, ಯುಎಸ್‌ಬಿ ಬಾಲ ಸುಮ್ನೆ ಜೋತಾಡುತ್ತಿರುತ್ತದೆ.

ಒಳ್ಳೆಯದೂ ಇದೆ. ಕಿವಿ ಪೂರ್ತಿ ಮುಚ್ಚುವುದರಿಂದ ಫ್ಯಾನಿನ ಸದ್ದು ಅಷ್ಟಾಗಿ ಕೇಳುವುದಿಲ್ಲ. ಮೈಕ್ ಬಾಯಿಯ ಹತ್ತಿರವೇ ಇರುತ್ತದೆ, ಆದ್ದರಿಂದ ಶರ್ಟಿನ ಗುಂಡಿಗೆ ಉಜ್ಜುವ ಇಯರ್‌ಫೋನ್ ಮೈಕಿಗಿಂತ ಮಾತು ಎಷ್ಟೋ ಸ್ಪಷ್ಟ. ಆನ್‌ಲೈನ್ ಕ್ಲಾಸಿಗೂ ಆಗುತ್ತದೆ. ಸದ್ದು ಜೋರಾಗಿ, ಧಮ್ ಧಮ್ ಅಂತ ಬರುತ್ತದೆ. ಆದರೆ ಬಾಂಬ್ ಸಿಡಿದಾಗ ಆ ಧಮ್ಮಿನ ಕೆಳಗೆ ಎದುರಾಳಿಯ ಹೆಜ್ಜೆ ಸಪ್ಪಳ ಮುಳುಗಿಹೋಗುತ್ತದೆ, ವ್ಯಾಲರಂಟ್‌ನಲ್ಲಿ ಬೇಕಾದದ್ದು ಆ ಹೆಜ್ಜೆ ಸಪ್ಪಳವೇ.

ಡಬ್ಬಿಯ ಮೇಲೆ 7.1 ಸರೌಂಡ್ (ಸುತ್ತಲೂ ಎಂಟು ಸ್ಪೀಕರ್ ಇಟ್ಟ ಹಾಗೆ ಸದ್ದು) ಅಂತ ದಪ್ಪಕ್ಷರದಲ್ಲಿ ಇದ್ದರೆ ನಕ್ಕು ಮುಂದೆ ಹೋಗಿ. ಒಳಗಿರುವುದು ಕಿವಿಗೊಂದರಂತೆ ಎರಡೇ ಸ್ಪೀಕರು, ಮಿಕ್ಕಿದ್ದೆಲ್ಲ ಸಾಫ್ಟ್‌ವೇರ್ ಮಾಯೆ. ಆ ಮಾಯೆ ವಿಂಡೋಸ್ 10ರಲ್ಲಿ ವಿಂಡೋಸ್ ಸೋನಿಕ್ ಅನ್ನುವ ಹೆಸರಿನಲ್ಲಿ ಪುಕ್ಕಟೆ ಇದೆ. ವ್ಯಾಲರಂಟ್‌ನ ಆಡಿಯೋ ಸೆಟ್ಟಿಂಗ್‌ನಲ್ಲೂ ಎಚ್‌ಆರ್‌ಟಿಎಫ್ ಅಂತ ಇದೆ, ಸದ್ದು ಯಾವ ದಿಕ್ಕಿನಿಂದ ಬಂತು ಅಂತ ತಿಳಿಯುವ ಹಾಗೆ ಕೇಳಿಸುವುದೇ ಅದರ ಕೆಲಸ. ಯಾವುದಾದರೂ ಒಂದನ್ನು ಆನ್ ಮಾಡಿಕೊಳ್ಳಲಿ. ಎರಡೂ ಸೇರಿದರೆ ಸದ್ದು ಕಲಸುಮೇಲೋಗರ.

ಇನ್ನು ಬಾಳಿಕೆ. ನನ್ನ ಅಕ್ಕನ ಮಗ ಇಂಥದ್ದೇ ಒಂದನ್ನು ಯುಗಾದಿಗೆ ತೆಗೆದುಕೊಂಡ. ಗಣೇಶನ ಹಬ್ಬದ ಹೊತ್ತಿಗೆ ಬೆವರಿಗೆ ಕಿವಿ ದಿಂಬಿನ ರೆಕ್ಸಿನ್ ಚಕ್ಕೆ ಚಕ್ಕೆಯಾಗಿ ಎದ್ದು, ಅವನ ಕಿವಿ ಹಿಂದೆ, ಕೂದಲಲ್ಲಿ ಕರಿ ಚೂರು. ಅಕ್ಕ ಅದನ್ನು ಹೇನು ಅಂದುಕೊಂಡು ಬಾಚಣಿಗೆ ಹಿಡಿದು ಕೂತಳು! ಆಮೇಲೆ ವೈರು ಕಿವಿ ಬಟ್ಟಲಿಗೆ ಸೇರುವ ಜಾಗದಲ್ಲಿ ಬಗ್ಗಿ ಬಗ್ಗಿ ಎಡಗಡೆಯ ಸದ್ದು ಹೋಯಿತು. ಲೈಟು ಮಾತ್ರ ಇವತ್ತಿಗೂ ಜಗಜಗ ಅಂತ ಹತ್ತುತ್ತದೆ. ಅದಕ್ಕೇ ಹೇಳುತ್ತೇನೆ, ಅದೇ 1,200ಕ್ಕೆ ಲೈಟಿಲ್ಲದ, ಬಟ್ಟೆಯ ದಿಂಬಿರುವ ಹೆಡ್‌ಸೆಟ್ ಸಿಕ್ಕರೆ ಅದೇ ವಾಸಿ. ಮಗ ಕೇಳದಿದ್ದರೆ, ದಿಂಬು ಬಿಚ್ಚಿ ಬದಲಾಯಿಸಲು ಬರುತ್ತದಾ ನೋಡಿ ತೆಗೆದುಕೊಳ್ಳಿ.

ಸದ್ದಿನ ಬಗ್ಗೆ ಒಂದು ಮಾತು. ವಿಶ್ವ ಆರೋಗ್ಯ ಸಂಸ್ಥೆ ಹೇಳುವ ಮಿತಿ ದೊಡ್ಡವರಿಗೆ ವಾರಕ್ಕೆ 40 ಗಂಟೆ 80 ಡೆಸಿಬಲ್, ಮಕ್ಕಳಿಗೆ 75. ನೀವು ಪಕ್ಕದಲ್ಲಿ ನಿಂತು ಮಾಮೂಲಿ ದನಿಯಲ್ಲಿ ಕರೆದರೆ ಅವನು ತಿರುಗಬೇಕು, ಮನೆಯಲ್ಲಿ ಅಷ್ಟು ಪರೀಕ್ಷೆ ಸಾಕು. ಕೇಳಿಸಿಯೂ ತಿರುಗದಿದ್ದರೆ ಅದು ಹೆಡ್‌ಸೆಟ್ಟಿನ ತಪ್ಪಲ್ಲ.

ಪ್ರಶ್ನೆ: ನನ್ನ ಹೆಡ್‌ಸೆಟ್ಟಿನ ಯುಎಸ್‌ಬಿ ಚುಚ್ಚಿದ ಕೂಡಲೇ ಕಿವಿಯಲ್ಲಿ ಗುಂಯ್ ಅನ್ನುತ್ತದೆ. ಹೆಡ್‌ಸೆಟ್ ಹಾಳಾಗಿದೆಯಾ?
– ಡಿಪ್ಲೊಮಾ ವಿದ್ಯಾರ್ಥಿ, ದಾವಣಗೆರೆ

ಉತ್ತರ: ಇಲ್ಲ ಮಾರಾಯ. ಯುಎಸ್‌ಬಿ ಕಿತ್ತು ನೋಡು. ಗುಂಯ್ ನಿಂತರೆ ಅದು ಲೈಟಿನ ಕರೆಂಟು ಸದ್ದಿನ ದಾರಿಗೆ ನುಗ್ಗುತ್ತಿರುವುದು. ಯುಎಸ್‌ಬಿಯನ್ನು ಪವರ್‌ಬ್ಯಾಂಕಿಗೆ ಚುಚ್ಚಿದರೆ ಸಾಮಾನ್ಯವಾಗಿ ಹೋಗುತ್ತದೆ. ಅದೂ ಬೇಡ ಅಂದರೆ ಲೈಟಿಲ್ಲದೆ ಆಡು, ಗುರಿ ಏನೂ ತಪ್ಪುವುದಿಲ್ಲ.

ಪ್ರಶ್ನೆ: ಕನ್ನಡಕ ಹಾಕುತ್ತೇನೆ. ಅದರ ಮೇಲೆ ಹೊಸ ಹೆಡ್‌ಸೆಟ್ ಹಾಕಿದರೆ ಅರ್ಧ ಗಂಟೆಗೆ ಕಣತಲೆ ನೋಯುತ್ತದೆ.
– ಓದುಗ, ಶಿರಸಿ

ಉತ್ತರ: ಹೊಸತರಲ್ಲಿ ಬಿಗಿ ಜಾಸ್ತಿ. ರಾತ್ರಿ ಮಲಗುವಾಗ ನಿಮ್ಮ ತಲೆಗಿಂತ ಚೂರೇ ಅಗಲವಾಗುವಷ್ಟು ಪುಸ್ತಕ ಜೋಡಿಸಿ, ಹೆಡ್‌ಸೆಟ್ಟನ್ನು ಅದಕ್ಕೆ ತೊಡಿಸಿಡಿ. ಮೂರು-ನಾಲ್ಕು ರಾತ್ರಿಯಲ್ಲಿ ಸಡಿಲವಾಗುತ್ತದೆ. ಅವಸರಕ್ಕೆ ಕೈಯಲ್ಲಿ ಹಿಗ್ಗಿಸಬೇಡಿ, ಈ ಬೆಲೆಯ ಪ್ಲಾಸ್ಟಿಕ್ಕು ಟಪ್ ಅನ್ನುತ್ತದೆ.