ಬೆಕ್ಕಿಗೂ ಒಂದು ದತ್ತಿ ಪೀಠವೇ?

ಪತ್ರ: ಅಮೆರಿಕದಲ್ಲಿ ಬೆಕ್ಕು ಸಾಕಿದವರೊಬ್ಬರು ಬೆಕ್ಕುಗಳ ಆರೋಗ್ಯ ಸಂಶೋಧನೆಗೆಂದೇ ವಿಶ್ವವಿದ್ಯಾಲಯದಲ್ಲಿ ಪ್ರಾಧ್ಯಾಪಕ ಪೀಠಕ್ಕೆ ದತ್ತಿ ಇಟ್ಟ ಸುದ್ದಿ ಹಾಕಿದ್ದೀರಿ. ನಮ್ಮ ಕಡೆ ರಾತ್ರಿ ಹೊತ್ತು ಹಸು ಮಲಗಿಬಿಟ್ಟರೆ ಡಾಕ್ಟರು ಸಿಗುವುದೇ ಕಷ್ಟ. ಇದು ದುಡ್ಡಿದ್ದವರ ಶೋಕಿಯಲ್ಲವೇ?
– ರೇಷ್ಮೆ ಬೆಳೆಗಾರ, ಶಿಡ್ಲಘಟ್ಟ ತಾಲ್ಲೂಕು

ಸಂಪಾದಕರ ಉತ್ತರ: ಹಸುವಿನ ವಿಚಾರದಲ್ಲಿ ನಿಮ್ಮ ಸಂಕಟ ನಿಜ. ಡೇರಿ ಬಟವಾಡೆ ನಂಬಿ ಮನೆ ನಡೆಸುವ ನಮ್ಮ ಜಿಲ್ಲೆಯಲ್ಲಿ ಅದನ್ನು ಯಾರೂ ಅಲ್ಲಗಳೆಯಲಾರರು. ಆದರೆ ಶೋಕಿ ಎಂಬ ಮಾತನ್ನು ನಾನು ಒಪ್ಪುವುದಿಲ್ಲ.

ಹಸುವಿಗೆ ಡೇರಿಯ ಆಸರೆಯಿದೆ, ಸರ್ಕಾರದ ಲಸಿಕೆಯಿದೆ. ಬೆಕ್ಕಿನ ಕಾಯಿಲೆಗೆ ದುಡ್ಡು ಹಾಕುವವರು ಬಹುತೇಕ ಅದನ್ನು ಸಾಕಿ ಪ್ರೀತಿಸಿದವರೇ. ದತ್ತಿಯ ಅಸಲನ್ನು ಮುಟ್ಟುವಂತಿಲ್ಲ, ಅದರ ಆದಾಯದಲ್ಲಿ ಪ್ರಾಧ್ಯಾಪಕರ ಕೆಲಸ ನಡೆಯಬೇಕು. ದಾನಿ ಕಾಲವಾದರೂ ಕೆಲಸ ನಿಲ್ಲುವುದಿಲ್ಲ. ನಮ್ಮ ದತ್ತಿ ಉಪನ್ಯಾಸ, ದತ್ತಿ ಬಹುಮಾನಗಳು ನಡೆಯುವುದೂ ಹೀಗೆಯೇ.

ಅಷ್ಟು ದೀರ್ಘ ಕಾಲ ಯಾಕೆ ಬೇಕು ಅನ್ನುವಿರಾ? ಬೆಕ್ಕುಗಳಿಗೆ ಕೊರೊನಾ ಜಾತಿಯ ವೈರಾಣುವಿನಿಂದ ಎಫ್‌ಐಪಿ ಎಂಬ ರೋಗ ಬರುತ್ತದೆ. ಹೊಟ್ಟೆಯಲ್ಲಿ ನೀರು ತುಂಬಿಕೊಂಡು ಮರಿ ಸೊರಗುತ್ತದೆ. ಬಂತೆಂದರೆ ಸಾವೇ ಎಂಬಂತಿತ್ತು. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಡೇವಿಸ್ ಕ್ಯಾಂಪಸ್‌ನಲ್ಲಿದ್ದ ಪಶುವೈದ್ಯ ವಿಜ್ಞಾನಿ ನೀಲ್ಸ್ ಪೆಡರ್ಸನ್ ದಶಕಗಳ ಕಾಲ ಇದರ ಬೆನ್ನು ಬಿಡಲಿಲ್ಲ. 2019ರಲ್ಲಿ ಅವರ ತಂಡ ಪ್ರಕಟಿಸಿದ ಪ್ರಯೋಗದಲ್ಲಿ, ರೋಗ ಬಂದಿದ್ದ 31 ಬೆಕ್ಕುಗಳ ಪೈಕಿ 25 ಬದುಕಿ ಉಳಿದಿದ್ದವು. ಕೊಟ್ಟ ಔಷಧ ಜಿಎಸ್-441524. ಮರುವರ್ಷ ಕೋವಿಡ್ ವಾರ್ಡುಗಳಲ್ಲಿ ನಾವೆಲ್ಲ ಹೆಸರು ಕೇಳಿದ ರೆಮ್‌ಡೆಸಿವಿರ್‌ನ ಹತ್ತಿರದ ನಂಟಿನದು ಅದು. ಮೂರು ವರ್ಷಕ್ಕೆ ಮುಗಿಯುವ ಪ್ರಾಜೆಕ್ಟಿನಲ್ಲಿ ಇಂಥದ್ದು ಆಗುವುದಿಲ್ಲ. ಒಬ್ಬರು ಅದೇ ಕಾಯಿಲೆಯ ಮುಂದೆ ಕೂತೇ ಇರಬೇಕು.

ನಾಯಿಗೆ ಕಂಡುಹಿಡಿದದ್ದನ್ನೇ ಬೆಕ್ಕಿಗೂ ಕೊಟ್ಟರಾಯಿತು ಅನ್ನುವ ಹಾಗೂ ಇಲ್ಲ. ಆಹಾರದಲ್ಲಿ ಟಾರಿನ್ ಎಂಬ ಪೋಷಕಾಂಶ ಕಡಿಮೆಯಾದರೆ ಬೆಕ್ಕಿನ ಹೃದಯ ಹಿಗ್ಗಿ ಸೋಲುತ್ತದೆ ಎಂದು ಗೊತ್ತಾದದ್ದು 1987ರಲ್ಲಿ. ಆಮೇಲೆ ಬೆಕ್ಕಿನ ಆಹಾರ ತಯಾರಿಸುವವರು ಅದರ ಪ್ರಮಾಣ ಹೆಚ್ಚಿಸಿದರು. ಇನ್ನು ನಮ್ಮ ಪ್ಯಾರಾಸಿಟಮಾಲ್ ಬೆಕ್ಕಿಗೆ ವಿಷ. ಅದನ್ನು ಅರಗಿಸುವ ಶಕ್ತಿ ಅದರ ಪಿತ್ತಜನಕಾಂಗಕ್ಕಿಲ್ಲ, ಒಂದೇ ಮಾತ್ರೆ ಪ್ರಾಣ ತೆಗೆಯಬಹುದು. ಗೂಡು ಕಟ್ಟಿಸುವ ಚಂದ್ರಿಕೆ ತಟ್ಟೆಯಲ್ಲಿರುವ ರೇಷ್ಮೆ ಹುಳುವಿಗೆ ಇಲಿ ಬಾಯಿ ಹಾಕದಂತೆ ಕಾಯುವ ಬೆಕ್ಕು ನಿಮ್ಮ ಮನೆಯಲ್ಲೂ ಇದ್ದೀತು. ದಯವಿಟ್ಟು ಇದನ್ನು ಮನೆಯವರಿಗೂ ಹೇಳಿ.

ಹಸುವಿಗೆ ವೈದ್ಯರು ಬೇಕೆಂಬ ನಿಮ್ಮ ಮಾತನ್ನು ನಾನು ಬಿಟ್ಟುಕೊಡುತ್ತಿಲ್ಲ. ಬೆಂಗಳೂರಿನ ಹೆಬ್ಬಾಳದ ಪಶುವೈದ್ಯಕೀಯ ಕಾಲೇಜು 1958ರಿಂದ ಇದೆ, ನಮಗೆ ದೂರವೂ ಅಲ್ಲ. ಹಸುವಿನ ಹೆಸರಿನಲ್ಲೋ ಬೆಕ್ಕಿನ ಹೆಸರಿನಲ್ಲೋ ನಮ್ಮ ಕಡೆಯ ಉಳ್ಳವರೊಬ್ಬರು ಅಲ್ಲಿ ಹೀಗೊಂದು ದತ್ತಿ ಇಟ್ಟರೆ, ಆ ಸುದ್ದಿಯನ್ನು ಮುಖಪುಟದಲ್ಲೇ ಹಾಕುತ್ತೇನೆ.