ಬಿಸಿನೀರಿನ ಎಲ್ಬೋ ಎಷ್ಟು ಆವರ್ತ ತಾಳೀತು?

ಪ್ರಶ್ನೆ: ಮುಧೋಳ ಭಾಗದ ಸಕ್ಕರೆ ಕಾರ್ಖಾನೆಯಲ್ಲಿ ಕೋಜನ್ (ಉಗಿ, ವಿದ್ಯುತ್ ಎರಡನ್ನೂ ಕೊಡುವ) ಬಾಯ್ಲರ್ ನಿರ್ವಹಣೆ ನನ್ನದು. ಎಚ್‌ಪಿ ಹೀಟರ್ (ಬಾಯ್ಲರಿಗೆ ಹೋಗುವ ನೀರನ್ನು ಕಾಯಿಸುವ ಹೈ ಪ್ರೆಶರ್ ಹೀಟರ್) ಬಂದ್ ಆದಾಗೆಲ್ಲ 200 ಡಿಗ್ರಿಯ ಫೀಡ್ ವಾಟರ್ ಲೈನಿಗೆ 110 ಡಿಗ್ರಿ ನೀರು ನುಗ್ಗುತ್ತದೆ. ಗಾಳಿಯಲ್ಲಿ ಪರೀಕ್ಷಿಸಿದ ಫಟೀಗ್ ಕರ್ವ್ (ಮತ್ತೆಮತ್ತೆ ಎಳೆದರೆ ಲೋಹ ಎಷ್ಟು ಸಲ ತಾಳುತ್ತದೆಂಬ ರೇಖೆ) ಪ್ರಕಾರ ಕಾರ್ಬನ್ ಸ್ಟೀಲ್ ಎಲ್ಬೋಗೆ (ಪೈಪಿನ ಬಾಗಿಗೆ) 6,000 ಆವರ್ತ, ಅಂದರೆ ತಣಿದು ಮತ್ತೆ ಕಾಯುವ ಸುತ್ತು, ಆಯುಷ್ಯ. ನೀರಿನಲ್ಲಿ ಎಷ್ಟು? ಯಾವ ಉಷ್ಣತೆ ಹಿಡಿಯಬೇಕು?

ಉತ್ತರ: ಒಂದೇ ಉಷ್ಣತೆ ಹಿಡಿದರೆ ಲೆಕ್ಕ ತಪ್ಪುತ್ತದೆ, ಆವರ್ತವನ್ನು ತುಂಡು ಮಾಡಿ. ನೀರು ಆಯುಷ್ಯ ತಿನ್ನುವುದು ಲೋಹದ ಎಳೆತ (ಸ್ಟ್ರೇನ್, ಲೋಹ ಹಿಗ್ಗುವ ಪ್ರಮಾಣ) ಏರುತ್ತಿರುವಾಗ. ತಣ್ಣೀರು ತಗುಲಿದ ಒಳಮೈ ಕುಗ್ಗಲು ನೋಡುತ್ತದೆ, ಹೊರಗಿನ ಬಿಸಿ ಲೋಹ ಬಿಡುವುದಿಲ್ಲ, ಹಾಗಾಗಿ ಒಳಮೈ ಎಳೆತಕ್ಕೆ ಸಿಗುತ್ತದೆ. ಆದ್ದರಿಂದ ನೀವು ಎಣಿಸಬೇಕಾದದ್ದು ತಣಿಯುವ ಹೊತ್ತನ್ನು, ಕಾಯುವ ಹೊತ್ತನ್ನಲ್ಲ. ಹೆಚ್ಚಿನವರು ಎಡವುವುದು ಇಲ್ಲೇ.

ಅಮೆರಿಕದ ಪರಮಾಣು ನಿಯಂತ್ರಣ ಆಯೋಗದ ನುರೆಗ್/ಸಿಆರ್-6909 ವರದಿಯ 2007ರ ಆವೃತ್ತಿಯ ಸೂತ್ರ (2018ರಲ್ಲಿ ಪರಿಷ್ಕರಿಸಲಾಗಿದೆ) ರಿಯಾಕ್ಟರ್ ನೀರಿಗೆಂದು ಮಾಡಿದ್ದು. ಬಾಯ್ಲರಿಗೆ ಅಂದಾಜಿಗೆ ಬಳಸಬಹುದು. ಗಾಳಿಯ ಆಯುಷ್ಯವನ್ನು ಎಷ್ಟರಿಂದ ಭಾಗಿಸಬೇಕೆಂದು ಅದು ಹೇಳುತ್ತದೆ. ಉಕ್ಕಿನ ಗಂಧಕ, ಉಷ್ಣತೆ, ಕರಗಿದ ಆಮ್ಲಜನಕ, ಎಳೆತದ ವೇಗ ಇವು ನಾಲ್ಕು ಅದರ ಅಂಶಗಳು.

ಗಂಧಕ ಶೇ 0.015, ಆಮ್ಲಜನಕ 0.2 ಪಿಪಿಎಂ, ಒಟ್ಟು ಎಳೆತ ಶೇ 0.3, ಅದು ಏರಲು ಐದು ನಿಮಿಷ ಎಂದಿಟ್ಟುಕೊಳ್ಳಿ. ಎಳೆತದ ಮೊದಲ ಮೂರನೇ ಒಂದು ಪಾಲು ಸುಮಾರು 200 ಡಿಗ್ರಿಯಲ್ಲಿ ಏರಿದರೆ ಭಾಜಕ 4.4, ನಡುವಿನ ಪಾಲು 175ರಲ್ಲಿ, 2.9, ಕೊನೆಯದು 150ರ ಕೆಳಗೆ, 1.9. ಪಾಲುಗಳು ಸಮ ಇರುವುದರಿಂದ ಸರಾಸರಿ ಸುಮಾರು 3. ಅಲ್ಲಿಗೆ 6,000 ಹೋಗಿ 2,000 ಆಯಿತು. ಪಾಲುಗಳು ಸಮವಿಲ್ಲದಿದ್ದರೆ ಆಯಾ ಪಾಲಿನ ಎಳೆತದಿಂದ ಗುಣಿಸಿ ಸರಾಸರಿ ತೆಗೆಯಿರಿ. ಬೇರೆ ಬೇರೆ ತೀವ್ರತೆಯ ಆವರ್ತಗಳಿದ್ದರೆ ಪ್ರತಿಯೊಂದಕ್ಕೂ ಆದ ಸಂಖ್ಯೆಯನ್ನು ತಾಳುವ ಸಂಖ್ಯೆಯಿಂದ ಭಾಗಿಸಿ ಕೂಡಿಸಿ. ಮೊತ್ತ 1 ಮುಟ್ಟಬಾರದು.

ಇನ್ನೊಂದು ವಿಚಿತ್ರ: ಒಂದು ಮಿತಿಯವರೆಗೆ, ಅದೇ ಎಳೆತ ನಿಧಾನವಾಗಿ ಏರಿದಷ್ಟೂ ನೀರಿನ ಹಾನಿ ಹೆಚ್ಚು.

ಆಮ್ಲಜನಕ 0.04 ಪಿಪಿಎಂ ದಾಟದಿದ್ದರೆ ಭಾಜಕ ಪೂರ್ತಿ 1.9ಕ್ಕೇ ನಿಂತು ಆಯುಷ್ಯ 3,200ರ ಹತ್ತಿರ ಬರುತ್ತದೆ. ಡಿಏರೇಟರ್ (ನೀರಿನಿಂದ ಆಮ್ಲಜನಕ ತೆಗೆಯುವ ಉಪಕರಣ) ಚೆನ್ನಾಗಿದ್ದರೆ ಇದು ಕಷ್ಟವೇನಲ್ಲ. ಸ್ಟಾರ್ಟ್-ಅಪ್‌ನಲ್ಲಿ ಅದು ಬಿಸಿಯಾಗುವ ಮುಂಚೆಯೇ ಫೀಡ್ ಬಿಟ್ಟರೆ ಕೆಟ್ಟಿತು. ಹಾಗಾಗಿ ಮೊದಲ ರಿಪೇರಿ ಅಲ್ಲೇ ಮಾಡಿ, ಎಲ್ಬೋದಲ್ಲಿ ಅಲ್ಲ.

ಸೂತ್ರಕ್ಕೆ ಸಿಗದ ಎರಡು ಸಂಗತಿಗಳಿವೆ. ಕಂಡೆನ್ಸೇಟ್‌ನಲ್ಲಿ (ಉಗಿ ತಣಿದು ಬಾಯ್ಲರಿಗೆ ಮರಳುವ ನೀರಿನಲ್ಲಿ) ಸಕ್ಕರೆ ಸೇರಿದರೆ ಪಿಎಚ್ ಕುಸಿಯುತ್ತದೆ. ಸಕ್ಕರೆ ಪತ್ತೆಹಚ್ಚುವ ಆಲ್ಫಾ ನ್ಯಾಫ್ಥಾಲ್ ಟೆಸ್ಟ್ ಬಿಡಬೇಡಿ. ಹಂಗಾಮು ಮುಗಿದ ಮೇಲೆ ಲೈನಿನಲ್ಲಿ ಅರೆಬರೆ ನೀರು ನಿಂತರೆ ಒಳಮೈಗೆ ತುಕ್ಕಿನ ಗುಂಡಿ ಬೀಳುತ್ತದೆ. ಗುಂಡಿ ಬಿದ್ದ ಪೈಪಿಗೆ ನಯವಾದ ಮಾದರಿಯ ಕರ್ವ್ ಅನ್ವಯಿಸದು. ಮುಂದಿನ ಹಂಗಾಮಿಗೆ ಮುನ್ನ ಎಲ್ಬೋದ ಬೆಸುಗೆಗಳನ್ನು ಅಲ್ಟ್ರಾಸಾನಿಕ್‌ನಲ್ಲಿ ನೋಡಿಸಿ, ಆಮೇಲೆ 2,000 ಎಂಬ ಅಂಕಿಯನ್ನು ನಂಬಿ.