ಹೈಡೆಲ್‌ಬರ್ಗಿಗೆ ಹೊರಟಿರುವ ತಂಗಿಗೆ

ಪ್ರೀತಿಯ ತಂಗಿ,

ನಿನ್ನ ಪತ್ರ ತಲುಪಿತು. ಧಾರವಾಡದಲ್ಲಿ ಜೀವರಸಾಯನಶಾಸ್ತ್ರದ ಎಂ.ಎಸ್ಸಿ. ಮುಗಿಸಿದ ನಿನಗೆ ಜರ್ಮನಿಯ ಹೈಡೆಲ್‌ಬರ್ಗಿನ ಪ್ರಯೋಗಾಲಯವೊಂದರಲ್ಲಿ, ವೈರಸ್ ತಡೆಯಲು ದೇಹ ಹೊರಡಿಸುವ ಇಂಟರ್ಫೆರಾನ್ ಎಂಬ ಪ್ರೋಟೀನಿನ ಸಂಕೇತಗಳ ಕುರಿತು ಪಿಎಚ್.ಡಿ. ಮಾಡುವ ಅವಕಾಶ ಸಿಕ್ಕಿದೆ. ಬರಲೋ ಬೇಡವೋ, ಇಲ್ಲಿಯ ಬದುಕು ಹೇಗೆ, ಈ ವಿಷಯಕ್ಕೆ ಮುಂದೆ ಬೆಲೆ ಇದೆಯೇ ಎಂದು ಕೇಳಿದ್ದೀಯೆ. ಕೊನೆಗೆ, ಹೇಳಲೋ ಬೇಡವೋ ಎಂಬಂತೆ, ನಿನ್ನ ಅಪ್ಪನ ಪ್ರಶ್ನೆಯನ್ನೂ ಸೇರಿಸಿದ್ದೀಯೆ: "ಅಷ್ಟು ದೂರ ಹೋಗಿ ಕಲಿಯುವ ಈ ವಿದ್ಯೆಯಿಂದ ಸಿದ್ದಾಪುರದವರಿಗೆ ಏನು ಬಂತು?" ನನ್ನ ಮಟ್ಟಿಗೆ ಅದೇ ದೊಡ್ಡ ಪ್ರಶ್ನೆ. ವ್ಯವಹಾರದ ಮಾತುಗಳನ್ನು ಮೊದಲು ಮುಗಿಸಿ ಅಲ್ಲಿಗೆ ಬರುತ್ತೇನೆ.

ಬಾ ಎಂದೇ ನನ್ನ ಉತ್ತರ. ಆದರೆ ಕರಾರುಪತ್ರ ಕೈಗೆ ಬರುವವರೆಗೆ ಟಿಕೆಟ್ ತೆಗೆಯಬೇಡ. ಇಲ್ಲಿ ಪಿಎಚ್.ಡಿ. ಮಾಡುವವರಿಗೆ ಸಾಮಾನ್ಯವಾಗಿ ಸಂಬಳವಿರುತ್ತದೆ. ಜೀವವಿಜ್ಞಾನದಲ್ಲಿ ಪೂರ್ಣ ಹುದ್ದೆಯ ಶೇಕಡಾ 65ರ ಲೆಕ್ಕ ಹೆಚ್ಚು ರೂಢಿಯಲ್ಲಿದೆ. ಕರಾರು ಎಷ್ಟು ವರ್ಷದ್ದು, ಅಷ್ಟರಲ್ಲಿ ಕೆಲಸ ಮುಗಿಯದಿದ್ದರೆ ಮುಂದಿನ ಹಣ ಎಲ್ಲಿಂದ ಎಂದು ಪ್ರಾಧ್ಯಾಪಕರನ್ನು ಬಾಯಿಬಿಟ್ಟು ಕೇಳು. ಹಣದ ಮಾತೆತ್ತಲು ನಮ್ಮ ಕಡೆಯ ಹೆಣ್ಣುಮಕ್ಕಳಿಗೆ ಸಂಕೋಚ. ಇಲ್ಲಿ ಅದನ್ನು ಯಾರೂ ತಪ್ಪಾಗಿ ತಿಳಿಯುವುದಿಲ್ಲ, ಕೇಳದಿದ್ದರೆ ತಾವಾಗಿ ಹೇಳುವುದೂ ಇಲ್ಲ. ಬಾಡಿಗೆಗೆ ಕೋಣೆ ಸಿಗುವುದು ಕಷ್ಟ, ಈಗಿನಿಂದಲೇ ಹುಡುಕು. ಸಿಕ್ಕ ಮೇಲೆ ಎರಡು ವಾರದೊಳಗೆ ನಗರ ಕಚೇರಿಯಲ್ಲಿ ವಿಳಾಸ ನೋಂದಾಯಿಸಬೇಕು. ತೆರಿಗೆಯ ಸಂಖ್ಯೆ ಬರುವುದು ಅದಾದ ಮೇಲೆ, ಅದೂ ಅಂಚೆಯಲ್ಲಿ. ಅಂಚೆಪೆಟ್ಟಿಗೆಯ ಮೇಲೆ ನಿನ್ನ ಹೆಸರು ಇರಲೇಬೇಕು. ಪ್ರಯೋಗಾಲಯದಲ್ಲಿ ಇಂಗ್ಲಿಷ್ ಸಾಕು, ಆದರೆ ಮನೆಯ ಮಾಲೀಕರಿಗೂ ವೈದ್ಯರ ಕಚೇರಿಯ ಮೇಜಿಗೂ ಜರ್ಮನ್ ಬೇಕು. ಭಾನುವಾರ ಅಂಗಡಿಗಳು ಮುಚ್ಚಿರುತ್ತವೆ. ಡಿಸೆಂಬರಿನಲ್ಲಿ ಸಂಜೆ ನಾಲ್ಕೂವರೆಗೆ ಕತ್ತಲಾಗುತ್ತದೆ, ಮೊದಲ ವರ್ಷ ಅದು ಮನಸ್ಸನ್ನು ಕುಗ್ಗಿಸುತ್ತದೆ. ಆ ತಿಂಗಳುಗಳಲ್ಲಿ ಒಬ್ಬಳೇ ಕೂರಬೇಡ, ನನ್ನ ಮನೆಗೆ ಬಾ. ಮುರುಗಲು ಸಿಪ್ಪೆ ತಾ. ತುಪ್ಪ ಕಟ್ಟಿಕೊಡುತ್ತೇನೆ ಎಂದು ಅಮ್ಮ ಹೊರಟರೆ ಬೇಡವೆನ್ನು. ಹಾಲಿನ ಪದಾರ್ಥಗಳನ್ನು ಹೊರಗಿನ ದೇಶಗಳಿಂದ ಇಲ್ಲಿಗೆ ತರುವಂತಿಲ್ಲ.

ಇನ್ನೊಂದು ಕೆಲಸವನ್ನು ಮುಂದೂಡಬೇಡ. ಬಂದ ಮೊದಲ ತಿಂಗಳುಗಳಲ್ಲೇ ವೈದ್ಯರ ಬಳಿ ಹೋಗಿ ಉಣುಗಿನ ಲಸಿಕೆ ಕೇಳು. ಹೌದು, ಉಣುಗಿನದೇ. ಹೈಡೆಲ್‌ಬರ್ಗಿನ ಸುತ್ತಲಿನ ಕಾಡು ಉಣುಗಿನಿಂದ ಹರಡುವ ಮಿದುಳು ಜ್ವರದ ಅಪಾಯ ವಲಯದಲ್ಲಿದೆ. ಲಸಿಕೆ ಮೂರು ಡೋಸು, ಖರ್ಚು ಆರೋಗ್ಯ ವಿಮೆಯದು. ಆ ಜ್ವರ ತರುವ ವೈರಸ್ ನಮ್ಮ ಮಂಗನ ಕಾಯಿಲೆಯ ವೈರಸ್ಸಿನ ಹತ್ತಿರದ ಸಂಬಂಧಿ. ಎರಡೂ ಫ್ಲೇವಿವೈರಸ್ ಕುಟುಂಬದವು, ಎರಡೂ ಉಣುಗಿನ ಮೂಲಕ ಮನುಷ್ಯನಿಗೆ ಬರುವಂಥವು. ಪಕ್ಕದ ಆಸ್ಟ್ರಿಯಾದಲ್ಲಿ 1981ರಿಂದಲೇ ಇದರ ವಿರುದ್ಧ ದೇಶವ್ಯಾಪಿ ಲಸಿಕಾ ಅಭಿಯಾನ ನಡೆದಿದೆ, ಅಲ್ಲಿ ರೋಗ ಬಹಳ ಇಳಿದಿದೆ. ನಮ್ಮಲ್ಲಿ ಸೊಪ್ಪಿನ ಬೆಟ್ಟಕ್ಕೆ ತರಗೆಲೆ ತರಲು ಹೋಗುವವರಿಗೆ ಉಣುಗು ಹತ್ತದಂತೆ ಕೈಗೆ ಹಚ್ಚುವ ಎಣ್ಣೆ ಕೊಡುತ್ತಾರೆ. ಹಳೆಯ ಲಸಿಕೆಯ ಪರಿಣಾಮ ಸಾಲದೆಂದು ಅದನ್ನು ನಿಲ್ಲಿಸಿಯಾಯಿತು, ಹೊಸದರ ಕೆಲಸ ಇನ್ನೂ ನಡೆದಿದೆ. 2024ರಲ್ಲಿ ನಿನ್ನದೇ ತಾಲ್ಲೂಕಿನಲ್ಲಿ ಜ್ವರ ಹೇಗೆ ಹಬ್ಬಿತು, ಸಾವುಗಳಾದವು ಎಂಬುದನ್ನು ನಾನು ನಿನಗೆ ಹೇಳಬೇಕಾಗಿಲ್ಲ. ಹೊನ್ನಾವರದ ಘಟ್ಟದ ಬುಡದಲ್ಲಿ ಬೆಳೆದವಳು ನಾನು. ಕಾಡಿನಲ್ಲಿ ಮಂಗ ಸತ್ತುಬಿದ್ದಿದೆ ಎಂಬ ಸುದ್ದಿ ಬಂದರೆ ಮನೆಯ ಹಿರಿಯರ ಮುಖ ಹೇಗಾಗುತ್ತಿತ್ತು ಎಂಬುದು ಚೆನ್ನಾಗಿ ನೆನಪಿದೆ.

ನಿನ್ನ ಅಪ್ಪನಿಗೆ ಉತ್ತರ ಇಲ್ಲಿಂದಲೇ ಶುರುವಾಗುತ್ತದೆ. ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತು ಮಂಗನ ಕಾಯಿಲೆಯ ವೈರಸ್ ಪತ್ತೆಯಾದದ್ದು 1957ರಲ್ಲಿ. ಅದೇ ವರ್ಷ ಲಂಡನ್ನಿನಲ್ಲಿ ಅಲಿಕ್ ಐಸಾಕ್ಸ್ ಮತ್ತು ಜೀನ್ ಲಿಂಡೆನ್‌ಮನ್ ಇಂಟರ್ಫೆರಾನನ್ನು ಕಂಡುಹಿಡಿದರು. ಒಂದು ರೋಗ, ಅದನ್ನು ತಡೆಯಲು ದೇಹ ಹೊರಡಿಸುವ ಸಂಕೇತ, ಎರಡೂ ಒಂದೇ ವರ್ಷ ಬೆಳಕಿಗೆ ಬಂದವು. ಆದರೆ ಆ ಎರಡು ಕತೆಗಳು ಒಂದನ್ನೊಂದು ಮುಟ್ಟಲು ಅರ್ಧ ಶತಮಾನಕ್ಕಿಂತ ಹೆಚ್ಚು ಕಾಲ ಹಿಡಿಯಿತು.

ವೈರಸ್ ಹೊಕ್ಕ ಜೀವಕೋಶ ಇಂಟರ್ಫೆರಾನನ್ನು ಹೊರಕ್ಕೆ ಬಿಡುತ್ತದೆ. ಪಕ್ಕದ ಕೋಶದ ಮೇಲ್ಮೈಯಲ್ಲಿ ಇಫ್ನಾರ್ ಎಂಬ ಗ್ರಾಹಕ ಪ್ರೋಟೀನ್ ಇರುತ್ತದೆ. ಇಂಟರ್ಫೆರಾನ್ ಅದಕ್ಕೆ ಅಂಟಿದ ಕೂಡಲೇ ಒಳಬದಿಯಲ್ಲಿರುವ ಜ್ಯಾಕ್ ಗುಂಪಿನ ಎರಡು ಕಿಣ್ವಗಳು ಚುರುಕಾಗಿ, ಸ್ಟ್ಯಾಟ್ ಎಂಬ ಪ್ರೋಟೀನುಗಳಿಗೆ ಫಾಸ್ಫೇಟ್ ಸೇರಿಸುತ್ತವೆ. ಫಾಸ್ಫೇಟ್ ಹೊತ್ತ ಸ್ಟ್ಯಾಟ್‌ಗಳು ಜೋಡಿಯಾಗಿ ಕೋಶಕೇಂದ್ರಕ್ಕೆ ಹೋಗಿ ನೂರಾರು ಜೀನ್‌ಗಳನ್ನು ಎಬ್ಬಿಸುತ್ತವೆ. ವೈರಸ್ ಅಲ್ಲಿಗೆ ಬರುವಷ್ಟರಲ್ಲಿ ಕೋಶ ಸಜ್ಜಾಗಿರುತ್ತದೆ. ಜೇಮ್ಸ್ ಡಾರ್ನೆಲ್, ಜಾರ್ಜ್ ಸ್ಟಾರ್ಕ್, ಇಯಾನ್ ಕೆರ್ ಇವರ ತಂಡಗಳು ಈ ದಾರಿಯನ್ನು 1990ರ ದಶಕದ ಆರಂಭದಲ್ಲಿ ಬಿಡಿಸಿ ತೋರಿಸಿದವು.

ಫ್ಲೇವಿವೈರಸ್ಸುಗಳು ಈ ದಾರಿಯನ್ನೇ ಕಡಿಯುತ್ತವೆ. ಅವುಗಳ ಎನ್‌ಎಸ್5 ಎಂಬ ಪ್ರೋಟೀನಿಗೆ ತನ್ನ ವೈರಸ್ಸಿನ ಆರ್‌ಎನ್‌ಎ ನಕಲು ಮಾಡುವುದು ಮುಖ್ಯ ಕೆಲಸ, ಸಂಕೇತ ಕಡಿಯುವುದು ಎರಡನೆಯ ಕೆಲಸ. ಡೆಂಗಿಯ ಎನ್‌ಎಸ್5 ಸ್ಟ್ಯಾಟ್-2 ಅನ್ನು ಹಿಡಿದು ನಾಶಕ್ಕೆ ದೂಡುತ್ತದೆ. ಯುರೋಪಿನ ಉಣುಗಿನ ವೈರಸ್ಸಿನದು ಬೇರೆ ವಿಧಾನ: ಅದು ಪ್ರೋಲಿಡೇಸ್ ಎಂಬ ಕಿಣ್ವವನ್ನು ಹಿಡಿದುಕೊಂಡು, ಇಫ್ನಾರ್ ಗ್ರಾಹಕದ ಇಫ್ನಾರ್-1 ಎಂಬ ಭಾಗ ಕೋಶದ ಮೇಲ್ಮೈಗೆ ಬರದಂತೆ ನೋಡಿಕೊಳ್ಳುತ್ತದೆ. ಇದು ಗೊತ್ತಾದದ್ದು 2015ರಲ್ಲಿ. ಮಂಗನ ಕಾಯಿಲೆಯ ವೈರಸ್ಸಿನ ಎನ್‌ಎಸ್5 ಕೂಡ ಇಂಟರ್ಫೆರಾನ್ ಸಂಕೇತವನ್ನು ತಡೆಯುತ್ತದೆ ಎಂಬುದು ಪ್ರಯೋಗಾಲಯದ ಕೋಶಗಳಲ್ಲಿ ಕಂಡುಬಂದಿದೆ. ಸಿದ್ದಾಪುರದ ಕಾಡಿನಲ್ಲಿ ಉಣುಗು ಕಚ್ಚಿದ ಮನುಷ್ಯನ ದೇಹದಲ್ಲಿ ನಡೆಯುವ ಮೊದಲ ಹೋರಾಟ ನಿನ್ನ ಪಿಎಚ್.ಡಿ. ವಿಷಯದೊಳಗೇ ಇದೆ, ತಂಗಿ.

ಈ ಸಂಕೇತ ಕಡಿಮೆಯಾದರೆ ಏನಾಗುತ್ತದೆ ಎಂಬುದನ್ನು ಕೋವಿಡ್ ಕಾಲ ತೋರಿಸಿತು. ಜೀವಕ್ಕೆ ಅಪಾಯವಾಗುವಷ್ಟು ನ್ಯುಮೋನಿಯಾ ಬಂದವರಲ್ಲಿ ಕನಿಷ್ಠ ಶೇಕಡಾ 10 ಮಂದಿಯ ರಕ್ತದಲ್ಲಿ ಅವರದೇ ಇಂಟರ್ಫೆರಾನನ್ನು ನಿಷ್ಕ್ರಿಯಗೊಳಿಸುವ ಪ್ರತಿಕಾಯಗಳಿದ್ದವು ಎಂದು ಜಾನ್-ಲೊರಾಂ ಕಸನೋವಾ ಅವರ ತಂಡ 2020ರಲ್ಲಿ ವರದಿ ಮಾಡಿತು. ಹಾಗೆಂದು ಹೆಚ್ಚಾದರೆ ಒಳ್ಳೆಯದೇ ಎಂದುಕೊಳ್ಳಬೇಡ, ಅತಿಯಾದರೆ ಅಮೃತವೂ ವಿಷ. ದೇಹದ ರಕ್ಷಣಾ ವ್ಯವಸ್ಥೆ ತನ್ನ ದೇಹದ ಮೇಲೆಯೇ ತಿರುಗಿಬೀಳುವ ಲೂಪಸ್ ರೋಗ ಇರುವವರಲ್ಲಿ ಅನೇಕರಿಗೆ ಇದೇ ಇಂಟರ್ಫೆರಾನ್ ಸಂಕೇತ ತಗ್ಗದೆ ಉರಿಯುತ್ತಿರುತ್ತದೆ. ಅವರಿಗಾಗಿ 2021ರಲ್ಲಿ ಅಮೆರಿಕದಲ್ಲಿ ಅನುಮತಿ ಪಡೆದ ಅನಿಫ್ರೊಲುಮ್ಯಾಬ್ ಎಂಬ ಪ್ರತಿಕಾಯ ಔಷಧ ಹೋಗಿ ಕೂರುವುದು ಅದೇ ಇಫ್ನಾರ್-1 ಮೇಲೆ. ಉಣುಗಿನ ವೈರಸ್ ತನ್ನ ಲಾಭಕ್ಕೆ ಮರೆಮಾಡುವ ಗ್ರಾಹಕವನ್ನೇ ವೈದ್ಯರು ರೋಗಿಯ ಒಳಿತಿಗಾಗಿ ಮುಚ್ಚುತ್ತಾರೆ. ನನ್ನನ್ನು ಇಷ್ಟು ವರ್ಷ ಈ ವಿಷಯದಲ್ಲಿ ಹಿಡಿದಿಟ್ಟಿರುವುದು ಇಂಥ ಸಂಗತಿಗಳೇ.

ಬೆಲೆಯ ಪ್ರಶ್ನೆಗೆ ಬರುತ್ತೇನೆ. ಜ್ಯಾಕ್-2ರಲ್ಲಿ ಒಂದೇ ಒಂದು ಅಮೈನೋ ಆಮ್ಲ ಬದಲಾದರೆ ಆ ಕಿಣ್ವ ನಿಲ್ಲದೆ ಕೆಲಸ ಮಾಡುತ್ತ ರಕ್ತಕಣಗಳು ಮಿತಿಮೀರಿ ಬೆಳೆಯುತ್ತವೆ ಎಂದು 2005ರಲ್ಲಿ ತಿಳಿಯಿತು. 2011ರಲ್ಲಿ ಆ ಕಿಣ್ವವನ್ನು ತಡೆಯುವ ರುಕ್ಸೊಲಿಟಿನಿಬ್ ಎಂಬ ಔಷಧ ಮಾರುಕಟ್ಟೆಗೆ ಬಂತು. ಮರುವರ್ಷ ಸಂಧಿವಾತಕ್ಕೆ ಟೊಫಾಸಿಟಿನಿಬ್ ಬಂತು. ಕೋವಿಡ್‌ನಲ್ಲಿ ತೀವ್ರವಾಗಿ ನರಳುವವರಿಗೆ ಬಾರಿಸಿಟಿನಿಬ್ ಕೊಡಬಹುದೆಂದು ವಿಶ್ವ ಆರೋಗ್ಯ ಸಂಸ್ಥೆ 2022ರಲ್ಲಿ ಹೇಳಿತು. ಎಲ್ಲವೂ ಮಾತ್ರೆಗಳು, ಎಲ್ಲವೂ ಜ್ಯಾಕ್ ಕಿಣ್ವಗಳನ್ನು ತಡೆಯುವಂಥವು. ಇವುಗಳಿಗೆ ಬೇರೆ ಮುಖವೂ ಇದೆ: ಸರ್ಪಸುತ್ತು ಏಳಬಹುದು, ಅಡಗಿದ್ದ ಕ್ಷಯ ಮತ್ತೆ ಕೆರಳಬಹುದು. ಕ್ಷಯ ಇಷ್ಟು ವ್ಯಾಪಕವಾಗಿರುವ ನಮ್ಮ ದೇಶದಲ್ಲಿ ಅದು ಸಣ್ಣ ವಿಷಯವಲ್ಲ. ಒಟ್ಟಿನಲ್ಲಿ ಸಂಕೇತವನ್ನು ನಂದಿಸುವ ಔಷಧಗಳು ಬೇಕಾದಷ್ಟಿವೆ. ವೈರಸ್ ಕಡಿದ ಸಂಕೇತವನ್ನು ಮತ್ತೆ ಜೋಡಿಸುವ ಔಷಧ ಮಾತ್ರ ಉಣುಗಿನ ವೈರಸ್ಸುಗಳಿಗೆ ಒಂದೂ ಇಲ್ಲ. ಹಣ ಹರಿಯುವುದು ಕ್ಯಾನ್ಸರಿನ ಕಡೆಗೆ, ಸಂಧಿವಾತದ ಕಡೆಗೆ; ಮಲೆನಾಡಿನ ಕೂಲಿಯವರ ಜ್ವರದ ಕಡೆಗಲ್ಲ. ಇದು ನನಗೆ ನೋವು ತರುವ ಸಂಗತಿ. ನಿನ್ನಂಥವರು ಈ ಕ್ಷೇತ್ರಕ್ಕೆ ಬರಬೇಕೆಂದು ನಾನು ಒತ್ತಾಯಿಸುವುದೂ ಅದಕ್ಕಾಗಿಯೇ.

ದಿನದ ಕೆಲಸ ಹೇಗಿರುತ್ತದೆ ಎಂದೂ ತಿಳಿದಿರಲಿ. ಗುಲಾಬಿ ಬಣ್ಣದ ದ್ರವದಲ್ಲಿ ಬೆಳೆದ ಕೋಶಗಳಿಗೆ ಇಂಟರ್ಫೆರಾನ್ ಹಾಕಿ, ಐದು, ಹದಿನೈದು, ಮೂವತ್ತು, ಅರವತ್ತು ನಿಮಿಷಕ್ಕೆ ಒಂದೊಂದು ತಟ್ಟೆಯನ್ನು ಮಂಜುಗಡ್ಡೆಯ ಮೇಲಿಟ್ಟು ಕೋಶಗಳನ್ನು ಒಡೆಯುತ್ತೀಯೆ. ಒಡೆಯುವ ದ್ರವದಲ್ಲಿ, ಫಾಸ್ಫೇಟ್ ಕಳಚುವ ಫಾಸ್ಫಟೇಸ್ ಕಿಣ್ವವನ್ನು ತಡೆಯುವ ಮದ್ದು ಇಲ್ಲದಿದ್ದರೆ, ಇಲ್ಲವೇ ಮಂಜುಗಡ್ಡೆಯಿಂದ ತಟ್ಟೆಯನ್ನು ತೆಗೆದು ಮಾತಿಗೆ ನಿಂತರೆ, ಸ್ಟ್ಯಾಟ್ ಮೇಲಿನ ಫಾಸ್ಫೇಟ್ ಕಳಚಿಹೋಗುತ್ತದೆ. ಮರುದಿನ, ಪ್ರೋಟೀನುಗಳನ್ನು ಹಿಡಿದಿಟ್ಟು ನೋಡುವ ಪೊರೆಯ ಮೇಲೆ ಕಪ್ಪು ಪಟ್ಟಿ ಮೂಡಬೇಕಾದ ಜಾಗ ಖಾಲಿ ಇರುತ್ತದೆ. ಆ ಖಾಲಿ ಜಾಗ ವೈರಸ್ ಪ್ರೋಟೀನಿನ ಕೆಲಸವೋ ನಿನ್ನ ಕೈಯ ನಿಧಾನವೋ ಎಂದು ಬೇರ್ಪಡಿಸಿ ತಿಳಿಯುವುದೇ ಮೊದಲ ವರ್ಷದ ಕಲಿಕೆ. ತಾಳ್ಮೆ ಬೇಕು. ಅಡಿಕೆ ಸುಲಿಯುವ ಮನೆಯಲ್ಲಿ ಹುಟ್ಟಿದ ನಿನಗೆ ಅದು ಇದ್ದೇ ಇರುತ್ತದೆ.

ಅಪ್ಪನಿಗೆ ಹೀಗೆ ಹೇಳು: ನಿನ್ನ ಮೂರ್ನಾಲ್ಕು ವರ್ಷದ ಕೆಲಸದಿಂದ ಊರಿಗೆ ಔಷಧ ಬರುವುದಿಲ್ಲ. ಇಂಟರ್ಫೆರಾನ್ ಸಿಕ್ಕಿದ್ದಕ್ಕೂ ಅದರ ದಾರಿ ತಿಳಿದದ್ದಕ್ಕೂ ನಡುವೆ ಮೂವತ್ತು ವರ್ಷಕ್ಕೂ ಹೆಚ್ಚು ಅಂತರವಿದೆ. ಆದರೆ ದಾರಿ ಎಲ್ಲಿ ಕೆಟ್ಟಿದೆ ಎಂಬುದು ಖಚಿತವಾಗಿ ತಿಳಿದ ಮೇಲೆ ಆರು ವರ್ಷಕ್ಕೆ ಮಾತ್ರೆ ಬಂದ ಜ್ಯಾಕ್-2ರ ಉದಾಹರಣೆಯೂ ಇದೆ. ಮಂಗನ ಕಾಯಿಲೆಯಲ್ಲಿ ಕಡಿದದ್ದು ಎಲ್ಲಿ ಎಂದು ಖಚಿತಪಡಿಸುವವರು ಬೇಕಾಗಿದ್ದಾರೆ.

ನಿನ್ನ ಪ್ರಾಧ್ಯಾಪಕರಿಗೆ ಈ ವಾರವೇ ಒಂದು ಪತ್ರ ಬರೆ. ಡೆಂಗಿಯ ಎನ್‌ಎಸ್5 ಜೊತೆಗೆ ಕ್ಯಾಸನೂರಿನ ವೈರಸ್ಸಿನ ಎನ್‌ಎಸ್5 ಅನ್ನೂ ಹೋಲಿಕೆಗೆ ಇಟ್ಟುಕೊಳ್ಳಬಹುದೇ ಎಂದು ಕೇಳು. ಇದಕ್ಕೆ ಜೀವಂತ ವೈರಸ್ ಮುಟ್ಟಬೇಕಾಗಿಲ್ಲ. ಆ ಒಂದು ಜೀನನ್ನು ಮಾತ್ರ ತಯಾರಿಸಿ ಕೋಶಕ್ಕೆ ಸೇರಿಸಿದರೆ ಆಯಿತು. ಪೂರ್ಣ ವೈರಸ್ಸಿನ ಪ್ರಯೋಗ ಬೇಕಾದಾಗ ಅಂಥ ಸುರಕ್ಷಿತ ಪ್ರಯೋಗಾಲಯ ಪುಣೆಯ ರಾಷ್ಟ್ರೀಯ ವೈರಾಣು ಸಂಸ್ಥೆಯಲ್ಲಿದೆ. ಹೊರಡುವ ಮೊದಲು ಕಾರವಾರದ ವೈದ್ಯಕೀಯ ಕಾಲೇಜಿಗೂ ನಿಮ್ಮ ತಾಲ್ಲೂಕು ಆಸ್ಪತ್ರೆಗೂ ಹೋಗಿ, ಈ ಜ್ವರದ ರೋಗಿಗಳನ್ನು ನೋಡಿದ ವೈದ್ಯರೊಡನೆ ಮಾತನಾಡು. ಕೆಲವರಿಗೆ ಜ್ವರ ಒಮ್ಮೆ ಇಳಿದು ಮತ್ತೆ ಏರಿ ಮಿದುಳಿಗೆ ತಟ್ಟುತ್ತದೆ. ಆ ನಡುವಿನ ದಿನಗಳಲ್ಲಿ ರೋಗಿ ಹೇಗಿದ್ದರು ಎಂದು ಕೇಳಿ ಬರೆದುಕೋ. ಇಲ್ಲಿಯ ಯಾವ ಪ್ರಯೋಗಾಲಯದಲ್ಲೂ ಅದನ್ನು ಕಣ್ಣಾರೆ ಕಂಡವರು ಸಿಗುವುದು ಅಪರೂಪ.

ವೀಸಾ ಸಂದರ್ಶನದ ದಿನ ಗೊತ್ತಾದ ಕೂಡಲೇ ತಿಳಿಸು. ನನ್ನ ಪರಿಚಯದವರ ಮನೆಯಲ್ಲಿ ಕೋಣೆ ಖಾಲಿಯಾಗುವ ಸೂಚನೆ ಇದೆ, ವಿಚಾರಿಸುತ್ತೇನೆ.

ನಿನ್ನ ಅಕ್ಕ